ಮಾಮಾನ ಬ್ರಾಂಚು, ಅತ್ತಿಯ ಡಬ್ಬಿ

ನಮ್ಮ ಮಾಮಾನಿಗೆ ವ್ಯಾಪಾರ ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಏನೂ ಗೊತ್ತಿಲ್ಲದವನಿಗೆ ವ್ಯಾಪಾರವನ್ನು ಇಷ್ಟು ಅಚ್ಚುಕಟ್ಟಾಗಿ ಕೆಡಿಸಲು ಬರುತ್ತದೆಯೇ? ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಖಾನಾವಳಿ. ಬಿಸಿ ರೊಟ್ಟಿ, ಎಣಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ; ಹೊತ್ತಿಗೆ ಸರಿಯಾಗಿ ಗಿರಾಕಿ. ಇಷ್ಟಕ್ಕೇ ಸುಮ್ಮನಿದ್ದರೆ ಆರಾಮಾಗಿ ಇರಬಹುದಿತ್ತು. ಆದರೆ ಸುಮ್ಮನಿದ್ದರೆ ಅವನು ನಮ್ಮ ಮಾಮಾ ಹೇಗಾದಾನು!

ನಾನು ಇದೇ ಊರಿನ ಕಾಲೇಜಿನಲ್ಲಿ ಕಾಮರ್ಸ್ ಮಾಸ್ತರ. ಫ್ರಾಂಚೈಸಿ ಎಂದರೇನು, ಒಂದು ಹೋಟೆಲು ನೂರು ಹೋಟೆಲಾಗುವುದು ಹೇಗೆ ಎಂದು ವರ್ಷವರ್ಷ ಪಾಠ ಹೇಳುವವನು. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, "ಸರ್, ನಿಮ್ಮ ಮಾಮಾರ ಖಾನಾವಳಿ ಉದಾಹರಣೆ ಬರೀಬಹುದೇನ್ರಿ?" ಎಂದು ಕೇಳಿದಳು. "ಧಾರಾಳ ಬರಿಯವಾ, ಆದ್ರ ದಿವಾಳಿ ಪಾಠದಾಗ ಬರಿ" ಎಂದೆ. ಇಡೀ ಕ್ಲಾಸು ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ.

ಮೊದಲನೆಯ ಆಘಾತ ಬಿದ್ದದ್ದು ನಾವೆಲ್ಲ ಮೂಗುಬಾಯಿ ಕಟ್ಟಿಕೊಂಡು ಓಡಾಡಿದ ಆ ವರ್ಷ. ದೊಡ್ಡ ದೊಡ್ಡ ಹೋಟೆಲಿನವರೇ ಬಾಗಿಲು ಎಳೆದುಕೊಂಡು ಕೂತಿದ್ದರು. ನಮ್ಮ ಅತ್ತಿಯೂ, ಅಂದರೆ ಮಾಮಾನ ಹೆಂಡತಿಯೂ, ಆ ಜ್ವರದಲ್ಲಿ ಮಲಗಿ ಎದ್ದಿದ್ದಳು. ಖಾನಾವಳಿಗೆ ಹೆಸರು ಬಂದದ್ದೇ ಅತ್ತಿಯ ಕೈಯಿಂದ. ಎದ್ದ ಮೇಲೆ ಆಕೆ ಒಲೆಯ ಮುಂದೆ ಕೂಡಲಿಲ್ಲ. "ಅಶಕ್ತಿ ಆಗೈತಿ" ಎಂದು ಅಡುಗೆಯನ್ನು ಕೆಲಸದವರಿಗೆ ಒಪ್ಪಿಸಿಬಿಟ್ಟಳು. ಇಂಥ ಹೊತ್ತಿನಲ್ಲಿ ಮಾಮಾ ನನ್ನ ಎದುರು ಚಹಾ ಹೀರುತ್ತ, "ಅಳ್ಯಾ, ಕಿತ್ತೂರಾಗ ಒಂದು ಬ್ರಾಂಚ್ ತಗೀತೇನಿ" ಎಂದ.

ನನ್ನ ಚಹಾ ಮೂಗಿಗೇರಿತು. "ಮಾಮಾ, ನಿನಗೇನು ತಲಿ ಕೆಟ್ಟೈತೇನು? ಇರೂದನ್ನ ನಡಸೂದಾ ದೊಡ್ಡದಾಗೈತಿ!"

"ಎಲ್ಲಾರೂ ಮುಚ್ಚೂ ಮುಂದ ತಗದ್ರ ಪೈಪೋಟಿ ಇರೂದಿಲ್ಲಲೇ."

"ಗಿರಾಕಿನೂ ಇರೂದಿಲ್ಲಲ್ಲ!"

"ಬರತಾರ ತಗೋ. ಹೊಟ್ಟಿಗಿ ಯಾರರ ಬೀಗ ಹಾಕತಾರೇನು?"

ಬ್ರಾಂಚಿನ ಕರಾರು ಕೇಳಿ ಎರಡನೆಯ ಸಲ ದಂಗಾದೆ. ಕಿತ್ತೂರಿನಲ್ಲಿ ನಡೆಸುವವನು ಡಿಪಾಜಿಟ್ ಕೊಡಬೇಕಿಲ್ಲ, ಖಾನಾವಳಿಯ ಹೆಸರು ಬಳಸಿದ್ದಕ್ಕೆ ಬಾಡಿಗೆಯೂ ಇಲ್ಲ. ಕರಾರು ಒಂದೇ. ದಿನಾ ಮುಂಜಾನೆಯ ಅಡುಗೆಯಲ್ಲಿ ಒಂದು ಊಟದ ಡಬ್ಬಿ ಕಟ್ಟಿ ಬೈಲಹೊಂಗಲದ ಬಸ್ಸಿಗೆ ಹಾಕಬೇಕು. ಅದನ್ನು ಅತ್ತಿ ಉಣ್ಣಬೇಕು. ಉಂಡು ಪಾಸ್ ಅಂದರೆ ಪಾಸ್, ಫೇಲ್ ಅಂದರೆ ಫೇಲ್. ಒಂದು ದಿನ ಡಬ್ಬಿ ತಪ್ಪಿದರೂ ಬೋರ್ಡು ಇಳಿಸಬೇಕು! ನಾನು ಓದಿದ ಯಾವ ಪುಸ್ತಕದಲ್ಲೂ ಇಂಥ ಗುಣಮಟ್ಟದ ಪರೀಕ್ಷೆ ಇರಲಿಲ್ಲ.

ಅತ್ತಿಯೋ, ಪರೀಕ್ಷೆಗೆ ಕೂತರೆ ಹೈಕೋರ್ಟಿನ ಜಡ್ಜಿ. ರೊಟ್ಟಿಯನ್ನು ಬೆಳಕಿಗೆ ಹಿಡಿಯುವಳು, ಅಂಚು ಮುಟ್ಟುವಳು, ಪಲ್ಯವನ್ನು ಬೆರಳಲ್ಲಿ ಹಿಸುಕುವಳು, ಆಮೇಲೆ ಬಾಯಿಗೆ. ಊಟ ಮುಗಿಸಿ ಫೋನು ಹಚ್ಚಿದಳೆಂದರೆ ಕಿತ್ತೂರಿನ ಅಡುಗೆಮನೆ ನಡುಗಬೇಕು. "ರೊಟ್ಟಿ ಅಂಚು ಹರದಾವ. ಬಡಿಯಾಕಿ ಇವತ್ತ ಮನ್ಯಾಗ ಜಗಳಾ ತಗದು ಬಂದಾಳೇನು?" ಜಗಳವಾದದ್ದು ಖರೆಯೇ ಆಗಿತ್ತಂತೆ!

ಕಿತ್ತೂರು ಹೇಗೋ ಉಸಿರು ಹಿಡಿಯಿತು ಎನ್ನುವಷ್ಟರಲ್ಲಿ ಸವದತ್ತಿ. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಎಲ್ಲಮ್ಮನ ಗುಡ್ಡಕ್ಕೆ ಬರುವ ಮಂದಿ ರೊಟ್ಟಿಯ ಗಂಟು ಕಟ್ಟಿಕೊಂಡೇ ಬರುತ್ತಾರೆ, ಅಲ್ಲೇ ಒಲೆ ಹೂಡಿ ಅಡುಗೆ ಮಾಡುತ್ತಾರೆ. ಬುತ್ತಿ ಕಟ್ಟಿಕೊಂಡು ಬರುವವರಿಗೆ ಊಟ ಮಾರುವುದೆಂದರೆ ಬಾವಿಯಲ್ಲಿ ಇರುವವರಿಗೆ ನೀರು ಮಾರಿದಂತೆ!

"ರೊಟ್ಟಿ ಅವರದಾ ಇರಲಿ. ಬಿಸಿ ಪಲ್ಯ ನಮ್ಮದು" ಎಂದ ಮಾಮಾ. ಮತ್ತು ನಿಮಗೆ ಆಶ್ಚರ್ಯವಾಗಬಹುದು, ನನಗಂತೂ ಆಗಿ ಇನ್ನೂ ಇಳಿದಿಲ್ಲ, ಬರೀ ಪಲ್ಯ ಮಾರಿಯೇ ಆ ಬ್ರಾಂಚು ನಿಂತಿತು. ಬೈಲಹೊಂಗಲದ ಖಾನಾವಳಿಯಲ್ಲಿ ಉಳಿದ ಲಾಭವೆಲ್ಲ ಕೂಡಲೇ ರಾಮದುರ್ಗದ ಬ್ರಾಂಚಿಗೆ ಹೋಯಿತು. ಕೈಯಲ್ಲಿ ನಾಲ್ಕು ದುಡ್ಡು ನಿಂತರೆ ಅವನಿಗೆ ಅಂಗೈ ತುರಿಸುತ್ತದೆಯೋ ಏನೋ.

ರಾಮದುರ್ಗದ ಡಬ್ಬಿಯದು ದೊಡ್ಡ ಪ್ರವಾಸ. ಒಂದು ದಿನ ನಡುದಾರಿಯ ಕಟಕೋಳದಲ್ಲಿ ಬಸ್ಸು ಕೆಟ್ಟು ನಿಂತಿತು. ಕಂಡಕ್ಟರನಿಗೆ ಹಸಿವು, ಮಗ್ಗುಲಲ್ಲಿ ಘಮಘಮಿಸುವ ಡಬ್ಬಿ. ಪಾಪ, ಅವನಾದರೂ ಎಷ್ಟು ತಡೆದಾನು? ಬಸ್ಸು ಬೈಲಹೊಂಗಲ ಮುಟ್ಟಿದಾಗ ಖಾಲಿ ಡಬ್ಬಿ ತೊಳೆದು ತಂದುಕೊಟ್ಟು, "ಮಾವಾರ, ಫಸ್ಟ್ ಕ್ಲಾಸ್ ಇತ್ತ್ರಿ" ಎಂದ.

ಮಾಮಾ ಬೈಯುತ್ತಾನೆಂದು ನಾನು ಕಾದೆ. ಬೈಯಲಿಲ್ಲ. ಮುಖ ಸಣ್ಣದು ಮಾಡಿಕೊಂಡು, "ನೀ ಉಂಡಿದ್ದು ಚೊಲೊ ಆತಪಾ. ಆದ್ರ ಅದು ಆಕಿ ಊಟ" ಎಂದವನೇ ತಿರುಗುವ ಅದೇ ಬಸ್ಸು ಹತ್ತಿಬಿಟ್ಟ! ಎರಡು ರೊಟ್ಟಿಗೋಸ್ಕರ ರಾಮದುರ್ಗದವರೆಗೆ! ಇಳಿಹೊತ್ತಿಗೆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ವಾಪಸು ಬಂದ. ನಾನು ಕೋಪದಿಂದ, "ಒಂದಿನ ಪರೀಕ್ಷಾ ತಪ್ಪಿದ್ರ ಏನ್ ಮುಳುಗತಿತ್ತು?" ಎಂದೆ. "ಆಕಿ ಕಾಯ್ಕೊಂಡು ಕುಂತಿರತಾಳಲೇ" ಎಂದು ಡಬ್ಬಿ ಹಿಡಿದು ಮನೆಯ ಕಡೆ ನಡೆದ.

ಇಷ್ಟಾದರೂ ದೇವರು ದೊಡ್ಡವನು. ಈ ವರ್ಷ ಹುಬ್ಬಳ್ಳಿಯಿಂದ ಒಂದು ಹೋಟೆಲ್ ಕಂಪನಿಯ ಸಾಹೇಬರು ಮಾಮಾನನ್ನು ಹುಡುಕಿಕೊಂಡು ಬಂದರು. ಖಾನಾವಳಿಯ ಹೆಸರು ಅವರಿಗೆ ಬೇಕಂತೆ. ಊರೂರಿಗೆ ಬ್ರಾಂಚು ತೆಗೆಯುತ್ತಾರಂತೆ, ಮಾಮಾನಿಗೆ ಕೂತಲ್ಲೇ ಪಾಲು ಬರುತ್ತದಂತೆ. ಮಾಮಾ ಅತ್ತಿಯರ ಮುಪ್ಪು ನೆಮ್ಮದಿಯಾಗಿ ಕಳೆಯಲು ಇನ್ನೇನು ಬೇಕು? ನಾನೇ ಮುಂದೆ ನಿಂತು ಅವರನ್ನು ರಾಮದುರ್ಗದ ಬ್ರಾಂಚಿಗೆ ಊಟಕ್ಕೆ ಕರೆದೊಯ್ದೆ. ಮಾಮಾನೂ ಬಂದ.

ಸಾಹೇಬರು ಮೊದಲ ತುತ್ತು ಬಾಯಿಗಿಟ್ಟರು. ಕಣ್ಣಲ್ಲಿ ನೀರು ಬಂತು. ನಾನು ರುಚಿಗೆ ಬಂದ ಆನಂದಬಾಷ್ಪ ಎಂದುಕೊಂಡೆ. ನಾನೂ ಬಾಯಿಗಿಟ್ಟೆ. ಅಯ್ಯಯ್ಯೋ, ಉಪ್ಪು! ಅಡುಗೆಯವರಿಬ್ಬರೂ ಒಬ್ಬರಿಗೊಬ್ಬರು ಹೇಳದೆ ಉಪ್ಪು ಹಾಕಿದ್ದರು. ಸುತ್ತಲಿನ ಗಿರಾಕಿಗಳು ಕೊಡಗಟ್ಟಲೆ ನೀರು ಕುಡಿಯುತ್ತಿದ್ದರು. ಆಗಲೇ ಮಾಮಾನ ಫೋನಿನ ಸ್ಪೀಕರಿನಲ್ಲಿ ಅತ್ತಿಯ ತೀರ್ಪು ಬಂತು: "ರಾಮದುರ್ಗದ್ದು ಇವತ್ತ ಭಾಳ ಛಂದ ಆಗೈತಿ. ಪಾಸ್."

"ಕೇಳಿದ್ರ್ಯಾ? ಪಾಸ್ ಆಗೈತ್ರಿ" ಎಂದ ಮಾಮಾ ಸಾಹೇಬರಿಗೆ.

"ಯಜಮಾನ್ರ, ಬಾಯಾಗ ಇಡಾಕ ಆಗವಲ್ದು!"

"ಆಕಿ ಪಾಸ್ ಅಂದ್ರ ಪಾಸ್ರೀ. ನಿಮ್ಮ ನಾಲಿಗಿ ಒಮ್ಮೆ ಡಾಕ್ಟರಿಗಿ ತೋರಸ್ರಿ."

ನಾನು ನೆಲ ಬಾಯಿಬಿಡಲಿ ಎಂದು ಬೇಡಿಕೊಂಡೆ. ಗಿರಾಕಿಯ ನಾಲಿಗೆಯೇ ತಪ್ಪು ಎನ್ನುವ ಹೋಟೆಲಿನವನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಆದರೆ ಸಾಹೇಬರು ತಾಳ್ಮೆಯ ಮನುಷ್ಯ. "ಇದಕ್ಕಾ ನಾವು ಹೇಳೂದ್ರಿ. ಎಲ್ಲಾ ಅಡಗಿ ಹುಬ್ಬಳ್ಳಿಯೊಳಗ ಒಂದಾ ಕಡೆ ಆಕ್ಕತಿ. ಉಪ್ಪು ಖಾರ ಎಲ್ಲಾ ಯಂತ್ರನಾ ನೋಡತೈತಿ" ಎಂದರು.

ಮಾಮಾ ತಾಟು ಬದಿಗೆ ಸರಿಸಿ ಕೇಳಿದ: "ಯಂತ್ರ ನೋಡತೈತಿ. ಉಣ್ಣತೈತೇನ್ರಿ?"

"ಉಣ್ಣೂದು ಯಾಕ ಬೇಕ್ರಿ?"

"ಹಂಗಾದ್ರ ಊರೂರಿಂದ ಡಬ್ಬಿ?"

"ಡಬ್ಬಿ ಗಿಬ್ಬಿ ಎಲ್ಲಾ ಬಂದ್‌ರಿ."

"ಹಂಗಾರ ಈ ಮಾತೂ ಬಂದ್‌ರಿ" ಎಂದು ಮಾಮಾ ಕೈತೊಳೆಯಲು ಎದ್ದ. ಕಂಪನಿ ಬಂದ ದಾರಿಯಲ್ಲೇ ಹೋಯಿತು!

ನನಗೆ ಮೈ ಉರಿದುಹೋಯಿತು. ಇವನಿಗೆ ಬುದ್ಧಿ ಹೇಳಲು ಅತ್ತಿಯೇ ಸರಿ ಎಂದು ಮರುದಿನ ಕಾಲೇಜು ಬಿಟ್ಟವನೇ ಮನೆಗೆ ನುಗ್ಗಿದೆ. ಅತ್ತಿ ಪಡಸಾಲೆಯಲ್ಲಿ ಮೂರು ಊರಿನ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು, ಒಂದೊಂದರಿಂದ ತುತ್ತು ಮುರಿದು, ನಿಧಾನವಾಗಿ, ಮದ್ದು ನುಂಗುವಂತೆ ಉಣ್ಣುತ್ತಿದ್ದಳು. ನನ್ನ ಸಿಟ್ಟೆಲ್ಲ ಹೊರಗೆ ಬಂತು. "ಅತ್ತಿ, ನಿನ್ನಿ ಆ ಉಪ್ಪಿನ ಪಲ್ಯ ಹೆಂಗ ಪಾಸ್ ಮಾಡಿದಿ? ಬಾಯಿಗಿ ಹತ್ತಲಿಲ್ಲೇನು?"

ಆಕೆಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಆ ಜ್ವರಾ ಬಂದು ಹೋದಾಗಿಂದ ನನ್ನ ನಾಲಿಗಿಗಿ ಏನೂ ಹತ್ತೂದಿಲ್ಲಪಾ. ಉಪ್ಪಿಲ್ಲ, ಖಾರಿಲ್ಲ. ಮಣ್ಣು ತಿಂದಂಗ ಆಕ್ಕತಿ. ಕಣ್ಣಿಲೆ ನೋಡಿ, ಕೈಲೆ ಮುಟ್ಟಿ ಹೇಳತೇನಿ. ನಿಮ್ಮ ಮಾಮಾಗ ಮಾತ್ರ ಹೇಳಬ್ಯಾಡ. ನನ್ನ ನಾಲಿಗಿ ನಂಬಿ ಮೂರೂರಾಗ ಬ್ರಾಂಚ್ ತಗದಾರ. ಅದಾ ಇಲ್ಲಂದ್ರ ಆ ಮನಷಾ ಹೆಂಗ ತಡಕೊಂಡಾರು?"

ಇಷ್ಟು ವರ್ಷ ಬಿದ್ದ ಆಘಾತಗಳನ್ನೆಲ್ಲ ಕೂಡಿಸಿದರೂ ಇದಕ್ಕೆ ಸರಿಸಾಟಿಯಾಗಲಿಲ್ಲ. ಮಾತು ಕೊಟ್ಟು ಹೊರಗೆ ಬಂದೆ. ಆದರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಖಾನಾವಳಿಯ ಕಟ್ಟೆಯ ಮೇಲೆ ಮಾಮಾ ಶೇಂಗಾ ಆರಿಸುತ್ತ ಕೂತಿದ್ದ. ಮಗ್ಗುಲಲ್ಲಿ ಕೂತು, "ಮಾಮಾ, ಅತ್ತಿ ನಾಲಿಗಿ..." ಎಂದು ತಡವರಿಸಿದೆ.

"ಗೊತ್ತೈತಿ" ಎಂದ, ತಲೆ ಎತ್ತದೆ.

"ಯಾವಾಗಿಂದ?"

"ಮೊದಲಿಂದ. ಜ್ವರಾ ಬಿಟ್ಟ ಮ್ಯಾಲೆ ಆಕಿ ತಾಟಿನ ಮುಂದ ಕುಂತು ಹಂಗಾ ಏಳತಿದ್ಲು. ನನಗ ಸಂಶೆ ಬಂದು ಒಂದಿನ ಬೇಕಂತ ಉಪ್ಪಿಲ್ಲದ ಪಲ್ಯ ಇಟ್ಟೆ. 'ಹದಾ ಆಗೈತಿ' ಅಂದ್ಲು."

"ಮತ್ತ ಈ ಡಬ್ಬಿ, ಈ ಬ್ರಾಂಚ್, ಇಷ್ಟೆಲ್ಲಾ ಯಾಕ?"

ಮಾಮಾ ಶೇಂಗಾದ ಮೊರವನ್ನು ಬದಿಗಿಟ್ಟ. "ಊಟಾ ಮಾಡು ಅಂದ್ರ ಒಂದು ತುತ್ತು ಉಣ್ಣಾಕಿ ಅಲ್ಲ. ಎಲುಬು ಕಾಣಾಕ ಹತ್ತಿದ್ವು. ಆದ್ರ ಕೆಲಸಾ ಅಂದ್ರ ಬಿಡಾಕಿನೂ ಅಲ್ಲ. ಅದಕ್ಕಾ ಉಣ್ಣೂದನ್ನಾ ಕೆಲಸಾ ಮಾಡಿದೆ. ಕಿತ್ತೂರಿನ ಡಬ್ಬಿಗಿ ಅರ್ಧಾ ರೊಟ್ಟಿ ಹೋತು. ಸವದತ್ತಿ ಬಂದ ಮ್ಯಾಲೆ ಒಂದಾತು. ರಾಮದುರ್ಗಕ್ಕ ಇನ್ನೊಂದಿಷ್ಟು. ಯಂತ್ರಕ್ಕ ಈ ಕೆಲಸಾ ಕೊಟ್ರ ಆಕಿ ಏನ್ ಉಂಡಾಳು?"

ಕಣ್ಣು ಒರೆಸಿಕೊಂಡೆ. ಅಷ್ಟರಲ್ಲಿ ಮಾಮಾ ಗಂಟಲು ಸರಿಮಾಡಿಕೊಂಡು, ಮೊದಲಿನ ಅದೇ ದನಿಯಲ್ಲಿ, "ಇನ್ನೂ ಸ್ವಲ್ಪ ಮೈ ಹಿಡೀಬೇಕು ಅಂತಾರ ಡಾಕ್ಟರು. ಮುರಗೋಡದಾಗ ಒಂದು ಜಾಗಾ ನೋಡೇನಿ, ಅಳ್ಯಾ. ನೀ ಏನಂತಿ?" ಎಂದ.

"ನಾಳೆ ಮುರಗೋಡದ ಬಸ್ಸು ಎಷ್ಟೊತ್ತಿಗಿ ಐತಿ?" ಎಂದೆ.