ಯಾವುದು ಬೇರೆ, ಯಾವುದು ಒಂದೇ?

ಕಂಪ್ಯೂಟರ್ ಕಲಿಸುತ್ತಾ ವಾರಕ್ಕೆ ಮೂರು ಊರು ತಿರುಗುತ್ತೇನೆ, ಮೂರರಲ್ಲೂ ಕೂತಲ್ಲಿ ಕೂರಲಾರೆ. ಒಂದೇ ಹೆಸರಿನಡಿ ಹಲವು ಅಂಕಿಗಳನ್ನೋ ಪದಗಳನ್ನೋ ಸಾಲಾಗಿ ಇಡುವುದಕ್ಕೆ ಅರೇ ಅನ್ನುತ್ತಾರೆ. ಆ ಪಾಠ ಬಂದ ದಿನ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ.

ಬಳ್ಳಾರಿ, ಪಾರ್ವತಿನಗರ

ಎರಡು ಅರೇಗಳಲ್ಲಿ ಅವೇ ಅಂಕಿ ತುಂಬಿ, ಇವೆರಡೂ ಬೇರೆಯೇ ಎಂದು ನಾನು ಕಲಿಸುವ ಪ್ರೋಗ್ರಾಮಿಂಗ್ ಭಾಷೆ ಜಾವಾವನ್ನು ಕೇಳಿದೆ. ಹೌದು ಎಂದಿತು. ಜಾವಾ ಒಳಗಿನ ಅಂಕಿ ನೋಡುವುದಿಲ್ಲ, ಇಟ್ಟ ಜಾಗ ನೋಡುತ್ತದೆ ಎಂದು ಅತ್ತಿಂದಿತ್ತ ಓಡಾಡುತ್ತಾ ಎರಡೆರಡು ಸಲ ವಿವರಿಸಿದೆ.

ಹೊಸದಾಗಿ ಮದುವೆಯಾದ ವಿದ್ಯಾರ್ಥಿನಿಯೊಬ್ಬರು, "ತಿಳೀತು ಬಿಡ್ರಿ ಸರ್" ಎಂದರು. "ಮಂಡಾಳ ಒಗ್ಗರಣಿ ನಾ ಮಾಡಿದ್ರೂ ಅದ ಸಾಮಾನು, ನಮ್ಮತ್ತಿ ಮಾಡಿದ್ರೂ ಅದ ಸಾಮಾನು. ನಮ್ಮನಿಯವರು ತಿನ್ನೂಕಿಂತ ಮೊದಲ ಬೇರೆ ಐತಿ ಅಂತಾರ. ಯಾರ ಕೈಯಿಂದ ಬಂತು, ಅಷ್ಟ ನೋಡ್ತಾರ."

ಸಿರುಗುಪ್ಪ

ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬಂದಿದೆಯೇ ಎಂದು ಹುಡುಕುವ ಪ್ರೋಗ್ರಾಮ್ ಬರೆಯಲು ಹೇಳಿದ್ದೆ. ಅಕ್ಕಿ ಗಿರಣಿಯ ಗುಮಾಸ್ತರೊಬ್ಬರು ಲಾರಿ ಚಾಲಕರ ಹೆಸರುಗಳನ್ನು ಹಾಕಿದರು. ಎಲ್ಲಾ ಹೆಸರೂ ಎರಡು ಸಲ ಇವೆ ಎಂದು ಬಂತು. ನನಗೋ ಬಸ್ಸಿನ ಚಿಂತೆ. ಬಗ್ಗಿ ನೋಡಿದರೆ, ಪ್ರತಿ ಹೆಸರನ್ನೂ ಅದರ ಜೊತೆಗೇ ಹೋಲಿಸಿಬಿಟ್ಟಿದ್ದರು.

"ತನ್ನನ್ನ ತಾನೇ ನೋಡಬಾರದ್ರಿ, ಮುಂದಿನವರನ್ನ ಮಾತ್ರ ನೋಡ್ಬೇಕು" ಎಂದೆ.

ಗುಮಾಸ್ತರು ಕನ್ನಡಕ ತೆಗೆದರು. "ಮದುವಿ ಆದಾಗಿಂದ ನಮ್ಮ ಮನ್ಯಾಗ ಇದನ್ನ ಉಲ್ಟಾ ಹೇಳಾಕತ್ತಾರಲ್ರಿ ಸರ್."

ಕುರುಗೋಡು

ಇಲ್ಲಿಯ ತರಬೇತಿ ಕೇಂದ್ರದ ಮಾಲೀಕರು ನನ್ನನ್ನು ಮುಂದುವರಿಸುವುದೋ ಬೇಡವೋ ಎಂದು ನೋಡಲು ತಾವೇ ತರಗತಿಯ ಜೊತೆ ಪರೀಕ್ಷೆಗೆ ಕೂತರು. ಹತ್ತು ಪ್ರಶ್ನೆ, ಒಂದೊಂದೇ ಪದದ ಉತ್ತರ. ಉತ್ತರಗಳ ಅರೇಯನ್ನು ಸರಿಯುತ್ತರಗಳ ಅರೇಗೆ ಹೋಲಿಸಿ ಅಂಕ ಕೊಡುವ ಪ್ರೋಗ್ರಾಮ್ ನನ್ನದು.

ಇಡೀ ತರಗತಿ ಫೇಲ್. ಮಾಲೀಕರೊಬ್ಬರಿಗೆ ಹತ್ತಕ್ಕೆ ಒಂಬತ್ತು.

"ಪ್ರೋಗ್ರಾಮ್ ಭಾಳ ಚಲೋ ಬರದೀರಿ" ಎಂದು ಅವರು ನನ್ನ ಕೈ ಕುಲುಕಿದರು. ಕೂತು ನೋಡಿದೆ. ನಾನು ಒಂದು ಸ್ಥಾನ ತಪ್ಪಿದ್ದೆ. ಮೊದಲ ಉತ್ತರವನ್ನು ಎರಡನೇ ಪ್ರಶ್ನೆಯ ಸರಿಯುತ್ತರಕ್ಕೆ ಹೋಲಿಸಿದ್ದೆ. ಮಾಲೀಕರು ಮೊದಲ ಪ್ರಶ್ನೆ ಬಿಟ್ಟು, ಎರಡನೆಯದರ ಉತ್ತರವನ್ನು ಮೊದಲ ಸಾಲಿನಲ್ಲೇ ಬರೆದು, ಕೊನೆಯವರೆಗೂ ಹಾಗೇ ಒಂದೊಂದು ಸಾಲು ಮೇಲೆ ಬರೆದಿದ್ದರು. ನನ್ನ ತಪ್ಪಿಗೂ ಅವರ ತಪ್ಪಿಗೂ ಸರಿಹೋಗಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಎಲ್ಲ ಸರಿ ಬರೆದೂ ಫೇಲಾದ, ನನ್ನ ತರಗತಿಯ ನಿವೃತ್ತ ಟೀಚರಮ್ಮ ನನ್ನನ್ನೇ ನೋಡುತ್ತಿದ್ದರು. ತಪ್ಪೊಪ್ಪಿಕೊಂಡು ತಿದ್ದಿ ಮತ್ತೆ ಓಡಿಸಿದೆ. ತರಗತಿಯೆಲ್ಲ ಪಾಸು, ಮಾಲೀಕರಿಗೆ ಸೊನ್ನೆ.

ಅವರು ಪರದೆಯ ಮೇಲಿನ ಸೊನ್ನೆಯನ್ನು ಬೆರಳಿಂದ ಒರೆಸಿ ನೋಡಿದರು.

"ಇರ್ರಿ, ನಮ್ಮಲ್ಲೇ ಇರ್ರಿ" ಎಂದರು ಕಡೆಗೆ. "ಆದ್ರ ಒಂದು ಮಾತು ಸರ್. ಚಲೋ ನಡಿಯೋ ಪ್ರೋಗ್ರಾಮಿಗೆ ಇನ್ನ ಮ್ಯಾಲೆ ಕೈ ಹಚ್ಚಬ್ಯಾಡ್ರಿ."