ತನಗಾಗಿ ಹಿಂಡಿದ ನಿಂಬೆ

ಎಲ್ಲ ರಗಳೆಗೂ ಮೂಲ ಒಂದು ಸಣ್ಣ ಸುಳ್ಳು. ಭಾನುವಾರ ಬೆಳಿಗ್ಗೆ ಲೈಬ್ರರಿ ಮೇಡಂ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು, ಕ್ಷೀಣ ದನಿಯಲ್ಲಿ, "ಯಾಕೋ ತಲೆ ಸುತ್ತುತ್ತಾ ಇದೆ. ನೀವಿಬ್ರೂ ಹೋಗ್ಬನ್ನಿ," ಎಂದರು.

ಗಂಡ ಗಾಬರಿಯಾದರು. ಅತ್ತೆ ಗಾಬರಿಯಾಗಲಿಲ್ಲ. ತರಕಾರಿಯವನ ತಕ್ಕಡಿ ನೋಡುವ ಹಾಗೆ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿ, "ಮಲಕ್ಕೋ" ಎಂದರು. ಆಮೇಲೆ ಮಂಡಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲಿಗೆ ಒಂದೊಂದು ನಿಟ್ಟುಸಿರು ಬಿಡುತ್ತಾ ಇಳಿದು, ಮಗನ ಜೊತೆ ಮಗಳ ಮನೆಯ ಊಟಕ್ಕೆ ಹೊರಟರು.

ಕಾರು ಬೀದಿಯ ತಿರುವು ದಾಟಿತೋ ಇಲ್ಲವೋ, ಒದ್ದೆ ಬಟ್ಟೆ ಒಂದು ಕಡೆ ಬಿತ್ತು, ತಲೆಸುತ್ತು ಇನ್ನೊಂದು ಕಡೆ. ಐವತ್ತು ದಾಟಿದ ಮೇಡಂ ಕುಂಟೆಬಿಲ್ಲೆ ಆಡುವ ಹುಡುಗಿಯ ಹಾಗೆ ಅಡುಗೆಮನೆಗೆ ಹಾರಿದರು.

ಶಾಲೆಯ ಲೈಬ್ರರಿಯಲ್ಲಿ ಅವರ ಕೆಲಸ "ಶ್!" ಎನ್ನುವುದು. ಮನೆಯಲ್ಲಿ ಅವರ ಕೆಲಸ ನಿಂಬೆಹಣ್ಣು ಹಿಂಡುವುದು. ಗಂಡನ ಅಜೀರ್ಣಕ್ಕೆ ಹಿಂಡಿದ್ದರು, ಮಕ್ಕಳ ಜ್ವರದ ಕಹಿಬಾಯಿಗೆ ಹಿಂಡಿದ್ದರು, ಹೊತ್ತಿಲ್ಲದ ಹೊತ್ತಿನಲ್ಲಿ ಬಂದ ನೆಂಟರ ಬಾಯಾರಿಕೆಗೆ ಹಿಂಡಿದ್ದರು. ಅತ್ತೆಯ ಮಂಡಿನೋವಿಗಂತೂ ದಿನಾ ಮಲಗುವ ಮುಂಚೆ ಬಿಸಿನೀರಿಗೆ ಅರ್ಧ ಹೋಳು ಹಿಂಡಲೇಬೇಕು. ಆ ಲೋಟ ಹಿಡಿದು ಅತ್ತೆ ತಮ್ಮ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೊದಮೊದಲು ಸ್ವಲ್ಪ ಹೊತ್ತಿಗೆ ಒಳಗಿನಿಂದ ಹಳೆಯ ಹಾಡಿನ ಗುನುಗು ಕೇಳಿಸುತ್ತಿತ್ತು. ಈಚೆಗೆ ಹಾಡೂ ಇಲ್ಲ, ಸಮಾಧಾನವೂ ಇಲ್ಲ. "ಮೊದಲಿನ ರುಚಿ ಇಲ್ಲ ಕಣೇ. ನಿನ್ನ ಕೈಗುಣ ಕೆಟ್ಟಿದೆ," ಎಂದು ಗೊಣಗುತ್ತಿದ್ದರು. ಅದೇ ಕೈ, ಅದೇ ನಿಂಬೆ. ಮೇಡಂ ಆಗಾಗ ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಹಿಂಡಿದ ಇಷ್ಟೂ ನಿಂಬೆಯಲ್ಲಿ ತನಗೆಂದು ಹಿಂಡಿಕೊಂಡಿದ್ದು ಒಂದು ಹೋಳಾದರೂ ಇದೆಯೇ? ಈ ಪ್ರಶ್ನೆ ಅವರಿಗೆ ಹೊಳೆದದ್ದು ಫೋನಿನಲ್ಲಿ ಒಂದು ವಿಡಿಯೋ ನೋಡಿದ ಮೇಲೆ. ತಮ್ಮದೇ ವಯಸ್ಸಿನ ಒಬ್ಬ ಹೆಂಗಸು ಮನೆಯಲ್ಲೇ ನಿಂಬೆಯ ಕಾಕ್‌ಟೇಲ್ ಮಾಡಿಕೊಂಡು, ಬಾಲ್ಕನಿಯ ಕಂಬಿಯ ಮೇಲೆ ಕಾಲು ಚಾಚಿ, ಒಬ್ಬಳೇ ಕುಡಿಯುತ್ತಿದ್ದಳು. ಆ ಮುಖದ ನಿರಾಳ! ಮೇಡಂಗೆ ಬೇಕಾಗಿದ್ದದ್ದು ಅಷ್ಟೇ. ಒಂದು ಗ್ಲಾಸು, ಒಂದು ಕುರ್ಚಿ, ಒಂದು ಕಂಬಿ. ಸಂಜೆ ಕಾರು ವಾಪಸು ಬರುವುದರೊಳಗೆ.

ಬಾಟಲಿಗೆ ಚಿಂತೆಯಿರಲಿಲ್ಲ. ಹಡಗಿನಲ್ಲಿ ಅಡುಗೆ ಮಾಡುವ ತಮ್ಮ ಹಿಂದೊಮ್ಮೆ ರಜೆಗೆ ಬಂದಾಗ, "ಅಕ್ಕಾ, ಒಳ್ಳೇ ಜಿನ್. ನಿಂಗೇ ಅಂತ ತಂದೆ. ಭಾವಂಗೆ ತೋರಿಸ್ಬೇಡ," ಎಂದು ಕೈಗಿಟ್ಟು ಹೋಗಿದ್ದ. ಅಂದಿನಿಂದ ಅದು ಅಡುಗೆಮನೆಯ ಅಟ್ಟದ ಮೇಲೆ, ಯಾರೂ ಮುಟ್ಟದ ದೊಡ್ಡ ಹಬೆಪಾತ್ರೆಯೊಳಗೆ, ಹಳೇ ಟವೆಲು ಸುತ್ತಿಕೊಂಡು ತಪಸ್ಸಿಗೆ ಕುಳಿತಿತ್ತು. ಮೇಡಂ ಸ್ಟೂಲು ಹತ್ತಿ ಅದನ್ನು ಇಳಿಸಿದರು. ಮುಚ್ಚಳ ಒಂದೇ ತಿರುವಿಗೆ ಬಿಚ್ಚಿಕೊಂಡಿತು. ಅಕ್ಕನ ಕೈ ನೋಯಬಾರದೆಂದು ಸಡಿಲ ಮಾಡಿಯೇ ಕೊಟ್ಟಿದ್ದಾನೆ ಎಂದು ತಮ್ಮನ ಮೇಲೆ ಪ್ರೀತಿ ಉಕ್ಕಿತು. ಮೂಸಿದರು. ಘಾಟೇ ಇಲ್ಲ. ಒಳ್ಳೆಯದೆಂದರೆ ಹೀಗೇ ಇರಬೇಕು.

ಸಕ್ಕರೆಯ ಪಾಕ ಕಾಯಿಸಿ ಆರಿಸಿದರು. ನಿಂಬೆಸಿಪ್ಪೆಯ ಹಳದಿಯಷ್ಟನ್ನೇ, ಬಿಳಿ ತಗುಲದಂತೆ ತುರಿದರು. ಪುದೀನ ಎಲೆಗಳನ್ನು ಅಂಗೈಯಲ್ಲಿಟ್ಟು, ವಿಡಿಯೋದ ಹೆಂಗಸಿನ ಹಾಗೇ, ಒಂದು ಚಪ್ಪಾಳೆ ತಟ್ಟಿದರು. ಘಮ್ಮೆಂದಿತು ಅಡುಗೆಮನೆ! ಕುಲುಕುವುದಕ್ಕೆ ಬೇರೆ ಪಾತ್ರೆಯಿಲ್ಲದೆ ಗಂಡನ ಊಟದ ಡಬ್ಬಿಗೇ ನಿಂಬೆರಸ, ಪಾಕ, ಅರ್ಧ ಬಾಟಲಿ ಜಿನ್, ಮಂಜುಗಡ್ಡೆ ಎಲ್ಲ ತುಂಬಿ ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ಬಳೆ ಕುಣಿದವು, ಜಡೆ ಕುಣಿಯಿತು, ಮೇಡಂ ಕೂಡ ಸ್ವಲ್ಪ ಕುಣಿದರು. ಗಾಜಿನ ಜಗ್ಗಿಗೆ ಸುರಿದು ಮೇಲೆ ಸೋಡಾ ಬಿಟ್ಟಾಗ ಅದು ಪಿಸಪಿಸನೆ ಗುಟ್ಟು ಹೇಳಿತು. ಗ್ಲಾಸಿನ ಅಂಚಿಗೆ ನಿಂಬೆ ಸವರಿ, ಸಕ್ಕರೆಯಲ್ಲಿ ಅದ್ದಿ, ತುಂಬಿಸಿ, ಇನ್ನೇನು ತುಟಿಗೆ ತರಬೇಕು—

ಕರೆಗಂಟೆ ಮೊಳಗಿತು.

ಬಾಟಲಿಯನ್ನು ಮೇಜಿನ ಕೆಳಗೆ ತಳ್ಳಿ, ಒದ್ದೆ ಬಟ್ಟೆಯನ್ನು ಹಣೆಗೇರಿಸಿ ಬಾಗಿಲು ತೆರೆದರೆ ಕೆಳಮನೆಯ ನರ್ಸಮ್ಮ. ಆಸ್ಪತ್ರೆಯಿಂದ ನಿವೃತ್ತಿಯಾಗಿದ್ದರೂ ರಕ್ತದೊತ್ತಡ ನೋಡುವ ಯಂತ್ರ ಅವರ ಕಂಕುಳಿನಿಂದ ನಿವೃತ್ತಿಯಾಗಿರಲಿಲ್ಲ.

"ನಿಮ್ಮ ಅತ್ತೆ ದಾರೀಲೇ ಫೋನ್ ಮಾಡಿದ್ರು. ಸೊಸೆ ಒಬ್ಳೇ ಇದಾಳೆ, ನೋಡ್ಕೊಳ್ಳಿ ಅಂತ. ಎಲ್ಲಿ, ಕೈ ಕೊಡಿ!"

ಮೇಡಂ ಕೈ ಕೊಟ್ಟರು. ಎದೆ ಡವಗುಟ್ಟುತ್ತಿತ್ತು.

"ಅಬ್ಬಬ್ಬಾ! ಎಷ್ಟು ಏರಿದೆ!" ನರ್ಸಮ್ಮ ಯಂತ್ರ ನೋಡಿದರು, ಜಗ್ಗು ನೋಡಿದರು, ಸಕ್ಕರೆ ಅಂಟಿದ ಗ್ಲಾಸು ನೋಡಿದರು. ಕೊನೆಗೆ ಬಗ್ಗಿ ಮೇಜಿನ ಕೆಳಗೆ ನೋಡಿದರು.

"ಅದು... ಗಾಜು ಒರೆಸೋ ಔಷಧಿ," ಎಂದರು ಮೇಡಂ.

"ಸುಮ್ನಿರಿ ಮೇಡಂ. ದಿಂಬಿನ ಕೆಳಗೆ ಬಾಟಲಿ ಇಟ್ಕೊಂಡಿರೋ ರೋಗಿಗಳ ಮುಖ ನಂಗೆ ಗೊತ್ತಾಗಲ್ವಾ? ನಿಮ್ದೂ ಅದೇ ಮುಖ!"

"ನಿಮ್ಮ ಕಾಲಿಗೆ ಬೀಳ್ತೀನಿ, ಅತ್ತೆಗೆ ಹೇಳ್ಬೇಡಿ."

"ಹೇಳಲ್ಲ. ಆದ್ರೆ ನನ್ನ ಬಾಯಿ ಸುಮ್ನೆ ಇರಲ್ಲ. ಅದಕ್ಕೆ ಏನಾದ್ರೂ ಹಾಕ್ಬೇಕು," ಎಂದು ನರ್ಸಮ್ಮ ಸಕ್ಕರೆಯಂಚಿನ ಗ್ಲಾಸನ್ನೇ ಎತ್ತಿಕೊಂಡು, ಮದ್ದು ಕುಡಿಯುವವರ ಹಾಗೆ ಕಣ್ಣು ಮುಚ್ಚಿ ಇಳಿಸಿದರು. "ಆಹಾ! ಎಂಥಾ ನಯ! ಗಂಟಲಿಗೆ ಗೊತ್ತೇ ಆಗ್ಲಿಲ್ಲ. ಇಂಥದ್ದೇ ನೋಡಿ ಜೋರಾಗಿ ಏರೋದು."

ಏರಿತು. ಎರಡನೆಯ ಗ್ಲಾಸಿಗೆ ನರ್ಸಮ್ಮನ ಕೆನ್ನೆ ಕೆಂಪಾಯಿತು. ಚಪ್ಪಲಿ ಬಿಟ್ಟು ಸೋಫಾದ ಮೇಲೆ ಕಾಲು ಮಡಚಿ ಕುಳಿತು, ತಾವೇ ಸೂಜಿಗೆ ಹೆದರುತ್ತಿದ್ದ ದೊಡ್ಡ ಡಾಕ್ಟರ ಕತೆ ಶುರು ಮಾಡಿದರು. ಮೇಡಂ ನಗುತ್ತಲೇ ಇನ್ನೊಂದು ಗ್ಲಾಸು ತಮಗೆಂದು ತುಂಬಿಸಿಕೊಂಡರು.

ಅಷ್ಟರಲ್ಲಿ ಎದುರುಮನೆಯ ವಕೀಲರ ಹೆಂಡತಿ ಗ್ಲೂಕೋಸಿನ ಡಬ್ಬಿ ಹಿಡಿದು ಒಳಗೆ ಬಂದರು. ಅತ್ತೆ ಅವರಿಗೂ ಫೋನ್ ಮಾಡಿದ್ದರು.

"ಏನ್ರೀ ಮೇಡಂ, ತಲೆಸುತ್ತಂತೆ? ನರ್ಸಮ್ಮ ಯಾಕೆ ಹೀಗೆ ನಗ್ತಿದಾರೆ?"

"ಇವರ ತಲೆಸುತ್ತು ನಂಗೆ ಅಂಟ್ಕೊಂಡ್ತು!" ಎಂದು ನರ್ಸಮ್ಮ ಬಾಟಲಿಯನ್ನೇ ಎತ್ತಿ ತೋರಿಸಿಬಿಟ್ಟರು. ಮುಚ್ಚಿಸಿದ ಬಾಯಿಯ ಆಯುಷ್ಯ ಎರಡೇ ಗ್ಲಾಸು.

"ಅಯ್ಯಯ್ಯೋ, ನಮ್ಮನೆಯವರಿಗೆ ಗೊತ್ತಾದ್ರೆ ಕೊಂದೇಬಿಡ್ತಾರೆ!" ಎನ್ನುತ್ತಾ ವಕೀಲರ ಹೆಂಡತಿ ಮೇಡಂ ಕೈಯಲ್ಲಿದ್ದ ಗ್ಲಾಸನ್ನು ತೆಗೆದುಕೊಂಡು, ಕೊಲ್ಲುವುದರೊಳಗೆ ಮುಗಿಸಬೇಕೆಂಬಂತೆ ಮುಗಿಸಿದರು.

ಮಾತೇ ಆಡದ ಹೆಂಗಸು ಅದು. ಗಂಡ ಕೋರ್ಟಿನಲ್ಲಿ ಸೋತ ವಾದವನ್ನೆಲ್ಲ ಮನೆಗೆ ಬಂದು ಹೆಂಡತಿಯ ಮೇಲೆ ಗೆಲ್ಲುತ್ತಾರೆಂದು ಕಟ್ಟಡಕ್ಕೆಲ್ಲ ಗೊತ್ತಿತ್ತು. ಈಗ ಆಕೆ ಎದ್ದು ನಿಂತು ಸೆರಗು ಸಿಕ್ಕಿಸಿ, ಸೌಟು ಹಿಡಿದರು. "ನರ್ಸಮ್ಮ, ನೀವು ಜಡ್ಜು. ನನ್ನ ಕಡೆ ವಾದಾನ ಇವತ್ತು ಕೇಳ್ಲೇಬೇಕು. ನಿದ್ದೇಲೂ ನಂಗೆ ಪಾಟೀಸವಾಲು ಹಾಕ್ತಾರೆ ಕಣ್ರೀ ಆ ಮನುಷ್ಯ!"

"ಆರೋಪಿಗೆ ಒಂದು ವಾರ ಪಾತ್ರೆ ತೊಳೆಯೋ ಶಿಕ್ಷೆ!" ಜಡ್ಜು ಲಟ್ಟಣಿಗೆಯಿಂದ ಮೇಜು ಕುಟ್ಟಿದರು.

"ಶ್! ಶ್!" ಎಂದರು ಮೇಡಂ. ಶಾಲೆಯಲ್ಲಿ ನಾಲ್ಕು ಗೋಡೆಯನ್ನು ಮೌನಕ್ಕೆ ತಳ್ಳುವ "ಶ್!" ಇಲ್ಲಿ ಸೋಡಾದ ಸದ್ದಿನಷ್ಟೂ ಕೆಲಸ ಮಾಡಲಿಲ್ಲ. ಜಗ್ಗಿನಲ್ಲಿ ಮಟ್ಟ ಇಳಿಯುತ್ತಿತ್ತು. ಮೇಡಂ ಇನ್ನೊಂದು ಜಗ್ಗು ಕಲಸಿದರು, ಬಾಟಲಿ ಖಾಲಿಯಾಯಿತು. ಈ ಸಲ ಮೊದಲ ಗ್ಲಾಸು ತನ್ನದೇ ಎಂದು ನಿರ್ಧರಿಸಿ ಎತ್ತುವ ಹೊತ್ತಿಗೆ, ತೆರೆದ ಬಾಗಿಲಲ್ಲಿ ಕಾರ್ಯದರ್ಶಿಗಳು ನಿಂತಿದ್ದರು.

ಕಟ್ಟಡದ ಸಂಘದ ಕಾರ್ಯದರ್ಶಿ. ಅವರ ಹಲ್ಲು ಕಂಡವರು ಇಲ್ಲ. ಟೆರೇಸಿಗೆ ಹೋಗುವ ಬಾಗಿಲಿಗೆ ಅವರೇ ಬರೆಸಿ ಹಾಕಿದ ಬೋರ್ಡು ಇತ್ತು: ಇಲ್ಲಿ ಕೂರಬಾರದು, ಹಾಡಬಾರದು, ತಿನ್ನಬಾರದು, ಕುಡಿಯಬಾರದು. ಉಸಿರಾಡಬಹುದೋ ಇಲ್ಲವೋ ಅದರಲ್ಲಿ ಸ್ಪಷ್ಟವಿರಲಿಲ್ಲ.

"ಏನಮ್ಮಾ ಇದು? ಕಾಯಿಲೆ ಮನೆಯೋ, ಸಂತೆಯೋ?"

"ಷರಬತ್ತು ಸಾರ್. ತಲೆಸುತ್ತಿಗೆ," ಎಂದು ಮೇಡಂ, ದಿಕ್ಕು ತೋಚದೆ, ಕೈಯಲ್ಲಿದ್ದದ್ದನ್ನು ಅವರ ಕೈಗಿಟ್ಟರು.

ಕಾರ್ಯದರ್ಶಿಗಳು ಒಂದು ಗ್ಲಾಸು ಕುಡಿದು ಗದ್ದಲದ ನಿಯಮ ಹೇಳಿದರು. ಇನ್ನೊಂದು ಕುಡಿದು ಕಸದ ನಿಯಮ ಹೇಳಿದರು. ಮೂರನೆಯದನ್ನು ಕುಡಿದು, ದೀಪದ ಕಂಬದ ಹಾಗೆ ಒಂದಿಷ್ಟೂ ವಾಲದೆ, ನೀರಿನ ತೊಟ್ಟಿಯ ನಿಯಮಕ್ಕೆ ಬಂದರು. ವಕೀಲರ ಹೆಂಡತಿಗೆ ತಡೆಯಲಾಗಲಿಲ್ಲ.

"ಭಲೇ ಸಾರ್! ಇಷ್ಟು ಜಿನ್ ಇಳಿಸಿದ್ರೂ ಅಲುಗಾಡ್ಲಿಲ್ವಲ್ಲ ನೀವು!"

ಕಾರ್ಯದರ್ಶಿಗಳು ಗ್ಲಾಸಿನ ತಳ ನೋಡಿದರು. ಮೆಲ್ಲಗೆ ಗೋಡೆ ಹಿಡಿದರು. "ಅದಕ್ಕೇ... ಅದಕ್ಕೇ ಆಗ್ಲಿಂದ ನೆಲ ತೇಲ್ತಾ ಇದೆ," ಎಂದು, ಬುಡ ಕಡಿದ ಬಾಳೆಯ ಹಾಗೆ ಕುರ್ಚಿಗೆ ಬಿದ್ದರು.

ಮುಗಿಯಿತು ತನ್ನ ಮಾನ, ಎಂದುಕೊಂಡರು ಮೇಡಂ. ಆದರೆ ಕುರ್ಚಿಯಿಂದ ಒಂದು ಸದ್ದು ಬಂತು. ತುಕ್ಕು ಹಿಡಿದ ಗೇಟು ತೆರೆದಂಥ ಸದ್ದು. ಕಾರ್ಯದರ್ಶಿಗಳು ನಗುತ್ತಿದ್ದರು! ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಆ ನೀರು ಹಾಗೇ ಅಳುವಾಯಿತು.

"ಎಲ್ರೂ ಟೆರೇಸಲ್ಲಿ ಸೇರ್ತಿದ್ರಿ. ನನ್ನ ಒಂದು ದಿನ ಆದ್ರೂ ಕರೆದ್ರಾ? ಅದಕ್ಕೇ ಬೋರ್ಡು ಹಾಕ್ದೆ ಕಣಮ್ಮಾ!"

"ಅಯ್ಯೋ ಪಾಪ! ಏಳಿ ಸಾರ್, ಈಗ ಕರೀತಿದೀವಿ," ಎಂದರು ನರ್ಸಮ್ಮ. ಮೂವರೂ ಒಬ್ಬರ ಹೆಗಲಿಗೊಬ್ಬರು ಕೈಹಾಕಿ, ಬೋರ್ಡು ಕೀಳಲು ಮೆಟ್ಟಿಲು ಹತ್ತಿದರು. ಹೋಗುವಾಗ ಜಗ್ಗನ್ನೂ ತೆಗೆದುಕೊಂಡು ಹೋದರು, ಗ್ಲಾಸುಗಳನ್ನೂ.

ಮೇಡಂಗೆ ಉಳಿದದ್ದು ಒಂದು ನಿಂಬೆಹಣ್ಣು, ಮತ್ತೆ ಬೀದಿಯಲ್ಲಿ ಕಾರು ನಿಂತ ಸದ್ದು.

"ಊಟ ಮುಗಿಸಿ ಕೂರೋಕೂ ಬಿಡ್ಲಿಲ್ಲ ಅಮ್ಮ. ನಿನ್ನದೇ ಚಿಂತೆ ಅವರಿಗೆ," ಎನ್ನುತ್ತಾ ಗಂಡ ಒಳಗೆ ಕಾಲಿಟ್ಟರು. ಟೆರೇಸಿನಿಂದ ಕಾರ್ಯದರ್ಶಿಗಳ ಹಾಡು ತೇಲಿಬಂತು. "ಯಾರದು? ಯಾರಿಗಾದ್ರೂ ಏನಾದ್ರೂ ಆಯ್ತಾ?" ಎಂದು ಅವರು ಮೇಲಕ್ಕೆ ಓಡಿದರು.

ಅತ್ತೆ ನೇರ ಅಡುಗೆಮನೆಗೆ ಬಂದರು. ಖಾಲಿ ಬಾಟಲಿ ಮೇಜಿನ ಮೇಲೆ, ಸಾಕ್ಷಿಕಟ್ಟೆ ಹತ್ತಿದವರ ಹಾಗೆ ನಿಂತಿತ್ತು. ಮೇಡಂ ಒಂದೇ ಉಸಿರಿಗೆ ಎಲ್ಲ ಒದರಿಬಿಟ್ಟರು. ತಲೆಸುತ್ತಿನ ಸುಳ್ಳು, ತಮ್ಮನ ಉಡುಗೊರೆ, ಒಂದು ಗ್ಲಾಸಿನ ಆಸೆ. "ತಪ್ಪಾಯ್ತು ಅತ್ತೆ. ಮೂರು ಜನಾನೂ ಕುಡಿಸಿ ಕೆಡಿಸ್ದೆ. ನಾನೊಂದು ಹನಿ ಮುಟ್ಟಿಲ್ಲ."

ಅತ್ತೆ ಬಾಗಿಲತ್ತ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಯಾರೂ ಕೆಟ್ಟಿಲ್ಲ, ಸುಮ್ನಿರು. ಅದು ನಲ್ಲಿ ನೀರು."

"ಏನು?"

"ನಲ್ಲಿ ನೀರು ಕಣೇ ಹುಡುಗಿ. ದಿನಾ ರಾತ್ರಿ ನೀನು ಹಿಂಡಿ ಕೊಡ್ತಿದ್ಯಲ್ಲ ನಿಂಬೆ, ಅದಕ್ಕೆ, ನೀನು ಶಾಲೆಗೆ ಹೋದಾಗ ಇದ್ರಿಂದ ತೆಗೆದಿಟ್ಟ ಎರಡೇ ಎರಡು ಚಮಚ. ತೆಗೆದಷ್ಟಕ್ಕೂ ನೀರು ತುಂಬಿ ಇಡ್ತಿದ್ದೆ, ನಿನ್ನ ಮನಸ್ಸಿಗೆ ನೋವಾಗ್ಬಾರ್ದು ಅಂತ. ಬರ್ತಾ ಬರ್ತಾ ಬರೀ ನೀರೇ ಉಳೀತು. ಮೊದಲಿನ ರುಚಿ ಇಲ್ಲ ಅಂತ ಬಾಯಿಬಿಟ್ಟು ಹೇಳ್ಲಿಲ್ವಾ ನಾನು?"

ಮೇಡಂ ಅಟ್ಟವನ್ನು ನೋಡಿದರು, ಸ್ಟೂಲನ್ನು ನೋಡಿದರು, ಅತ್ತೆಯ ಮಂಡಿಯನ್ನು ನೋಡಿದರು. "ಆ ಮಂಡಿ ಇಟ್ಕೊಂಡು ಅಟ್ಟಕ್ಕೆ ಹೇಗೆ..."

"ಹತ್ತೋವಾಗ ನೋವಿರ್ತಿತ್ತು," ಎಂದರು ಅತ್ತೆ. "ಇಳಿಯೋವಾಗ ಇರ್ತಿರ್ಲಿಲ್ಲ."

ಮೇಡಂ ಮೆಲ್ಲನೆ ಸ್ಟೂಲಿನ ಮೇಲೆ ಕುಳಿತರು. ಒಂದೇ ಒಂದು ನಿಂಬೆಯ ಕಾಕ್‌ಟೇಲ್ ಮಾಡುವ ಕನಸು ಕಂಡಿದ್ದರು. ಅದನ್ನು ದಿನಾ ಮಾಡಿ, ತಟ್ಟೆಯಲ್ಲಿಟ್ಟು, ಅತ್ತೆಯ ಕೋಣೆಯ ಬಾಗಿಲಿಗೇ ಒಯ್ದು ಕೊಟ್ಟಿದ್ದರು!

ಗಂಡ ಏದುಸಿರು ಬಿಡುತ್ತಾ ಇಳಿದು ಬಂದರು. "ಮೇಲೆ ಮೂರೂ ಜನ ಕುಡಿದು ತೂರಾಡ್ತಿದಾರೆ! ಕಾರ್ಯದರ್ಶಿಗಳು ನನ್ನ ತಬ್ಕೊಂಡು ನಕ್ಕು ನಕ್ಕು ಅತ್ತೇಬಿಟ್ರು. ಇನ್ಮೇಲೆ ಪ್ರತಿ ಭಾನುವಾರ ಟೆರೇಸಲ್ಲಿ ಇಡೀ ಕಟ್ಟಡಕ್ಕೆ ನೀನೇ ಅದನ್ನ ಮಾಡ್ಬೇಕಂತೆ. ಅಲ್ವೇ, ಇಂಥಾ ಕೈಗುಣ ಇಟ್ಕೊಂಡು ನಂಗೆ ಬರೀ ಅಜೀರ್ಣಕ್ಕೆ ಹಿಂಡಿ ಕೊಟ್ಯಲ್ಲ ಇಷ್ಟು ವರ್ಷ! ಒಂದು ಗ್ಲಾಸು ನಂಗೂ ಮಾಡು."

"ಅದು ಬರೀ..." ಎಂದು ಮೇಡಂ ಬಾಯಿ ತೆರೆದರು. ಅತ್ತೆ ಹಿಂದಿನಿಂದ ರಟ್ಟೆ ಚಿವುಟಿದರು. "ಹೇಳ್ಬೇಡ," ಎಂದರು ಕಿವಿಯಲ್ಲಿ. "ಪಾಪ, ಆ ಕಾರ್ಯದರ್ಶಿ ಈಗ ತಾನೇ ನಗೋದು ಕಲ್ತಿದಾನೆ."

ಉಳಿದಿದ್ದ ಒಂದು ನಿಂಬೆಯನ್ನು ಮೇಡಂ ಎರಡು ಹೋಳು ಮಾಡಿದರು. ಒಂದು ಹೋಳನ್ನು ಗಂಡನಿಗೆ ಹಿಂಡಿದರು; ಅವರು ಒಂದು ಗುಟುಕಿಗೇ ಸೋಫಾ ಹಿಡಿದು ಕುಳಿತು, "ಏರ್ತಾ ಇದೆ, ಏರ್ತಾ ಇದೆ," ಎಂದರು. ಇನ್ನೊಂದು ಹೋಳನ್ನು ಮೇಡಂ ಕೈಯಲ್ಲಿ ಹಿಡಿದು ನೋಡಿದರು. ಮೂಸಿದರು. ಇದನ್ನಾದರೂ ತನಗೆ ಎಂದುಕೊಂಡು ಗ್ಲಾಸು ಹುಡುಕುವಷ್ಟರಲ್ಲಿ, ಮಗ್ಗುಲಲ್ಲಿ ಅತ್ತೆಯ ಲೋಟ ಬಂದು ನಿಂತಿತ್ತು.

ಮೇಡಂ ಹಿಂಡಿದರು.

ಅತ್ತೆ ಲೋಟ ಎತ್ತಿ, ಬೆಳಕಿಗೆ ಹಿಡಿದು ನೋಡಿ, ನಿಟ್ಟುಸಿರು ಬಿಟ್ಟರು.

"ಅಲ್ವೇ ಹುಡುಗಿ, ನಿನ್ನ ತಮ್ಮಂಗೆ ಮತ್ತೆ ರಜೆ ಯಾವಾಗಂತೆ?"