ಜಯಸಿಂಹರ ಮೋಡ

ಸಾರಕ್ಕಿ ಕೆರೆಯ ಮೇಲಿನ ಮೋಡವನ್ನು ಜಲವರ್ಣದಲ್ಲಿ ಹಿಡಿಯಬೇಕೆಂದು ಜಯಸಿಂಹ ತಿಂಗಳುಗಟ್ಟಲೆ ಒದ್ದಾಡುತ್ತಿದ್ದರು. ನಿವೃತ್ತರಾದ ಮೇಲೆ ಹಿಡಿದ ಹುಚ್ಚು. ಹಾಲು ತರಲು ಹೋದವರು ಆಕಾಶ ನೋಡುತ್ತ ನಿಂತು ಬರಿಗೈಯಲ್ಲಿ ಬರುವುದನ್ನು ಹೆಂಡತಿ ವಾರಿಜಾ ಹೇಗೋ ಸಹಿಸಿಕೊಂಡಿದ್ದರು. ಭಾನುವಾರ ಜಯನಗರದಲ್ಲಿ ಜಯಸಿಂಹ ಕಲಿಯುತ್ತಿದ್ದ ಚಿತ್ರಕಲಾ ತರಗತಿಯ ಪ್ರದರ್ಶನ. ಅಲ್ಲಿ ತಮ್ಮದೊಂದು ಮೋಡ ಗೋಡೆಯ ಮೇಲೆ ತೂಗಬೇಕು. ಈ ವಯಸ್ಸಿನಲ್ಲಿ ಅವರಿಗೆ ಉಳಿದಿದ್ದ ಆಸೆ ಅದೊಂದೇ.

ಆ ಬೆಳಿಗ್ಗೆ ಮೋಡ ಕೊನೆಗೂ ಕಾಗದಕ್ಕೆ ಇಳಿಯಿತು. ಇಳಿಯಿತೆಂದು ಅವರಿಗನಿಸಿತು, ಅಷ್ಟೆ. ಅದೇ ಗುಂಗಿನಲ್ಲಿ ಫೋಟೊ ತೆಗೆದು, ಟೀಚರ್ ಸುರಭಿಗೆ ಕಳಿಸುವ ಬದಲು ಬಾಡಿಗೆದಾರರ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟರು.

ಮೊದಲ ಉತ್ತರ ಎದುರುಮನೆಯ ರವಿಕಿರಣನದು: "ಅಯ್ಯಯ್ಯೋ, ಸೀಲಿಂಗ್ ಪೂರ್ತಿ ಹೋಗಿದೆಯಲ್ಲ ಸಾರ್! ಓನರ್ ಅಂಕಲ್, ಬೇಗ ನೋಡಿ."

ಕಲಾವಿದನ ಅಭಿಮಾನವೆಂದರೆ ಒಲೆ ಮೇಲಿನ ಹಾಲು, ಉಕ್ಕುವುದಕ್ಕೆ ಹೊತ್ತು ಬೇಡ. ಜಯಸಿಂಹ ಚಿತ್ರವನ್ನು ಚೂರುಚೂರು ಮಾಡಿ ಕಸದ ಬುಟ್ಟಿಗೆ ಹಾಕಿದರು.

ಅಷ್ಟರಲ್ಲಿ ಮೇಲಿನ ಮನೆಯಿಂದ ಮಾಲೀಕ ಚಿಕ್ಕಬೈರಪ್ಪ ಪ್ಲಂಬರ್ ಪಿಳ್ಳಣ್ಣನನ್ನು ಕರೆದುಕೊಂಡೇ ಇಳಿದು ಬಂದರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ತಾವೇ ನಿಂತು ಕಟ್ಟಿಸಿದ ಕಟ್ಟಡ. ಅದು ಸೋರುತ್ತದೆಂದರೆ ಹೆತ್ತ ಮಗಳ ಮೇಲೆ ದೂರು ಬಂದಷ್ಟು ಸಂಕಟ.

"ಎಲ್ಲಿ ಸಾರ್ ಸೋರ್ತಿರೋದು?"

"ಸೋರ್ತಿಲ್ಲ ಬೈರಪ್ಪನೋರೆ. ಅದು ಮೋಡ. ನಾನೇ ಬರೆದಿದ್ದು."

ಚಿಕ್ಕಬೈರಪ್ಪನವರ ಕಣ್ಣು ಒದ್ದೆಯಾಯಿತು. "ನಿಮ್ಮಂಥ ಬಾಡಿಗೆದಾರರು ಎಲ್ಲಿ ಸಿಗ್ತಾರೆ ಸಾರ್! ನಮ್ಮನೆ ಮರ್ಯಾದೆ ಉಳ್ಸೋಕೆ ಮೋಡ ಅಂತಿದೀರಲ್ಲ!"

ತೋರಿಸೋಣವೆಂದರೆ ಚಿತ್ರವಿಲ್ಲ. ಜಯಸಿಂಹ ಆಸೆಯಿಂದ ಹೆಂಡತಿಯ ಕಡೆ ತಿರುಗಿದರು.

"ನಾನೂ ಫೋಟೊ ನೋಡಿ ನೀರಿನ ಕಲೆ ಅಂತಾನೇ ಅಂದ್ಕೊಂಡೆ ರೀ," ಎಂದರು ವಾರಿಜಾ.

ಪಿಳ್ಳಣ್ಣ ಸ್ಟೂಲ್ ಹತ್ತಿ, ಹಾಲಿನಂತೆ ಬೆಳ್ಳಗಿದ್ದ ಚಾವಣಿಯನ್ನು ಬೆರಳಿನಿಂದ ತಟ್ಟಿದ. "ಮೇಲೆ ಕಾಣ್ತಿಲ್ಲ ಅಂದ್ರೆ ನೀರು ಒಳಗೇ ಕೂತೈತೆ ಅಣ್ಣ. ಒಡೀಲೇಬೇಕು."

ಮಧ್ಯಾಹ್ನವೆಲ್ಲ ಮೇಲಿನ ಬಚ್ಚಲಲ್ಲಿ ಸುತ್ತಿಗೆಯ ಸದ್ದು. ಕೊನೆಗೆ ಗಟ್ಟಿಮುಟ್ಟಾಗಿದ್ದ ಪೈಪು ಫಟ್ಟೆಂದಿತು. "ಸಿಕ್ತು ಅಣ್ಣ! ಲೀಕು ಸಿಕ್ತು!" ಎಂದು ಪಿಳ್ಳಣ್ಣ ಗೆದ್ದ ದನಿಯಲ್ಲಿ ಕೂಗಿದ್ದು ಕೆಳಗೂ ಕೇಳಿಸಿತು.

ಸಂಜೆ ಜಯಸಿಂಹ ಮಂಚದ ಮೇಲೆ ಅಂಗಾತ ಮಲಗಿದ್ದರು. ಚಾವಣಿಯ ಬಿಳುಪಿನಲ್ಲಿ ತೇವ ಮೆಲ್ಲಗೆ ಹರಡುತ್ತಿತ್ತು. ನಡುವೆ ಬೂದಿ ಬಣ್ಣ, ಸುತ್ತ ತೆಳು ಹಳದಿ, ಅಂಚು ಎಲ್ಲಿ ಮುಗಿಯಿತೆಂದೇ ತಿಳಿಯದು. ಕೆರೆಯ ದಂಡೆಯಲ್ಲಿ ಕೂತವರಂತೆ ಅವರು ಮೈಮರೆತರು. ಎಂಥ ಚೆಂದ! ಇಷ್ಟು ದಿನ ತಮ್ಮ ಕುಂಚಕ್ಕೆ ಒಲಿಯದ ಮೋಡ ಪಿಳ್ಳಣ್ಣನ ಸುತ್ತಿಗೆಗೆ ಒಲಿದಿತ್ತು. ಹೊಟ್ಟೆಕಿಚ್ಚೂ ಆಯಿತು. ಇಂಥ ಅಂಚು ಬರಿಸುವುದು ಹೇಗೆಂದು ಕೇಳೋಣವೆಂದು ಫೋಟೊ ತೆಗೆದು, ಹೆಸರನ್ನು ಎರಡೆರಡು ಸಲ ನೋಡಿ, ಸುರಭಿಗೇ ಕಳಿಸಿದರು.

ಪ್ರಶ್ನೆ ಟೈಪ್ ಮಾಡಿ ಮುಗಿಸುವ ಮೊದಲೇ ಉತ್ತರ ಬಂತು: "ಸಖತ್ತಾಗಿದೆ ಸಾರ್! ಕೊನೆಗೂ ಮೋಡ ನಿಮ್ಮ ಕೈಗೆ ಸಿಕ್ತು! ಪ್ರದರ್ಶನದಲ್ಲಿ ಬಾಗಿಲ ಎದುರಿಗೇ ಇದನ್ನ ಹಾಕ್ತೀವಿ ಅಂತ ಎಲ್ರಿಗೂ ಹೇಳ್ಬಿಟ್ಟೆ. ನಾಳೆ ಒರಿಜಿನಲ್ ತಗೊಂಡು ಬನ್ನಿ, ಫ್ರೇಮ್ ಹಾಕಿಸೋಣ."